ಎದೆ ಬಡಿತದ ತೊಂದರೆ ಇರೋರಿಗೆ ಯಾವ ಅನಸ್ತೇಷಿಯಾ: ಬೆನ್ನಿಗಾ, ನರಕ್ಕಾ, ಪೂರ್ತಿ ಮತ್ತಾ?

ದಾವಣಗೆರೆಯಲ್ಲಿ ಆಪರೇಷನ್‌ಗೆ ಮುಂಚೆ ಫಿಟ್ನೆಸ್ ನೋಡೋ ರೂಮಲ್ಲಿ ಕೂತ್ಕೊಂಡ್ರೆ ಈ ಮಾತು ಕಿವಿಗೆ ಬೀಳದೇ ಇರೋ ದಿನ ಕಮ್ಮಿ: “ಸರ್, ಅಪ್ಪಾಜಿಗೆ ಇಸಿಜಿಯಾಗೆ ಏನೋ ಹೆಚ್ಚುಕಮ್ಮಿ ಐತಂತೆ, ಪೂರ್ತಿ ಮತ್ತು ಕೊಟ್ರೆ ಹಾರ್ಟು ನಿಂತೋಗ್ತೈತಿ ಅಂತಾರೆ, ಬೆನ್ನಿಗಷ್ಟೇ ಕೊಡ್ರಿ.” ಜಗಳೂರು ಕಡೆಯಿಂದ ಬಂದ ಇನ್ನೊಂದು ಮನೆಯವರು ಇದರ ಉಲ್ಟಾ ಕೇಳ್ತಾರೆ, ಬೆನ್ನಿಗೆ ಬ್ಯಾಡ್ರಿ, ನಮ್ಮ ಚಿಕ್ಕಮ್ಮಂಗೆ ಬೆನ್ನಿಗೆ ಕೊಟ್ಟಾಗ ಪಲ್ಸೇ ಸಿಗ್ಲಿಲ್ಲಂತೆ, ಪೂರ್ತಿ ಮಲಗಿಸ್ಬಿಡ್ರಿ ಅಂತ. ಇಬ್ಬರ ಭಯಾನೂ ಸುಳ್ಳಲ್ಲ. ಅರಿವಳಿಕೆ ಔಷಧಿಗಳು ಎದೆ ಬಡಿತ ಕೆಡಿಸಬಲ್ಲವು. ಆದ್ರೆ ಒಂದೊಂದು ಒಂದೊಂದು ಥರ ಕೆಡಿಸುತ್ತೆ, ಕೆಲವು ಬಡಿತ ಇಳಿಸ್ತವೆ, ಕೆಲವು ಏರಿಸ್ತವೆ, ಕೆಲವು ಹೃದಯದೊಳಗಿನ ಕರೆಂಟು ಹರಿಯೋ ಟೈಮಿಂಗನ್ನೇ ಎಳೆದು ಉದ್ದ ಮಾಡ್ತವೆ. ಅದಕ್ಕೇ ಹಾರ್ಟ್ ಪೇಷೆಂಟಿಗೆ ಇದೇ ಒಳ್ಳೇದು ಅಂತ ಒಂದೇ ಉತ್ತರ ಯಾರಾದ್ರೂ ಕೊಟ್ರೆ ಒಪ್ಕೋಬೇಡಿ. ನಿಮ್ಮ ಹೃದಯದ ತೊಂದರೆ ಯಾವ ಜಾತೀದು ಅಂತ ಗೊತ್ತಾಗೋ ತನಕ ಆಯ್ಕೆ ಮಾಡೋಕೇ ಬರಲ್ಲ.

ಹಾಗಾಗಿ ಮೊದ್ಲು ಏನೇನು ನೋಡ್ಬೇಕು ಅಂತ ಇಟ್ಕೊಳ್ಳಿ. ಎಲ್ಲಕ್ಕಿಂತ ಮುಂದಿರೋದು ಬಡಿತ ಹೇಗೆ ತಪ್ಪಿದೆ ಅನ್ನೋದು: ನಿಧಾನದ್ದಾ, ಅಂದ್ರೆ ಹಾರ್ಟ್ ಬ್ಲಾಕ್ (ರಕ್ತನಾಳ ಕಟ್ಕೊಳ್ಳೋದಲ್ಲ, ಹೃದಯದೊಳಗಿನ ಕರೆಂಟಿನ ದಾರೀಲಿ ತಡೆ), 50ರ ಕೆಳಗಿನ ಪಲ್ಸ್, ಆಗಾಗ ಕಣ್ಣು ಕತ್ತಲೆ ಬಂದು ಬೀಳೋದು, ಜೋರಿಂದಾ, ಇದ್ದಕ್ಕಿದ್ದಂಗೆ ಡವಡವ ಅಂತ 150 ದಾಟಿ ಹೊಡ್ಕೊಂಡು ಹಂಗೇ ನಿಲ್ಲೋದು, ಲಯ ಇಲ್ಲದ್ದಾ, ಡಾಕ್ಟ್ರು ಎಎಫ್ ಅಂತ ಬರೆಯೋ ಏಟ್ರಿಯಲ್ ಫಿಬ್ರಿಲೇಷನ್, ಇಲ್ಲಾ ಇಸಿಜಿಯಲ್ಲಿ ಕ್ಯುಟಿ, ಅಂದ್ರೆ ಒಂದು ಬಡಿತಕ್ಕೆ ಹೃದಯದ ಕರೆಂಟು ಹರಿದು ಮತ್ತೆ ಸಜ್ಜಾಗೋ ಸಮಯ, ಉದ್ದ ಇದೆ ಅಂತ ಬರೆದಿದ್ದಾರಾ. ಎರಡನೇದು ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದೀರಾ. ಮೂರನೇದು ಆಪರೇಷನ್ ಎಲ್ಲಿಗೆ, ಎಷ್ಟು ಹೊತ್ತು. ಆಮೇಲೆ ಆ ಆಸ್ಪತ್ರೇಲಿ ಏನೇನಿದೆ, ಕೊನೇಗೆ ದುಡ್ಡು. ದುಡ್ಡನ್ನ ಕೊನೇಗೆ ಇಟ್ಟಿದ್ದು ಅದು ಮುಖ್ಯ ಅಲ್ಲ ಅಂತಲ್ಲ, ಮೊದಲ ಮೂರಕ್ಕೆ ಉತ್ತರ ಸಿಕ್ಕಿದ್ರೆ ಎಷ್ಟೋ ಸಲ ಕಮ್ಮಿ ಖರ್ಚಿನ ದಾರೀನೇ ಸರಿಯಾದ ದಾರಿ ಆಗಿರುತ್ತೆ ಅಂತ.

ಚಿಕ್ಕದ್ರಿಂದ ಶುರು ಮಾಡೋಣ. ಆ ಜಾಗಕ್ಕಷ್ಟೇ ಮರಗಟ್ಟಿಸೋ ಲೋಕಲ್. ಕಣ್ಣಿನ ಪೊರೆ, ಹಲ್ಲು ಕೀಳೋದು, ಚರ್ಮದ ಗಂಟು, ಅಷ್ಟೇ ಯಾಕೆ, ತೆರೆದು ಮಾಡೋ ಹರ್ನಿಯಾನೂ ಲೋಕಲ್‌ನಲ್ಲಿ ಆಗುತ್ತೆ. ಇದಕ್ಕೆ ಬಳಸೋ ಲಿಗ್ನೋಕೇನ್ ಒಂದು ಕಾಲದಿಂದಲೂ ಹೃದಯದ ಕೆಟ್ಟ ಬಡಿತ ತಡೆಯೋಕೆ ರಕ್ತನಾಳಕ್ಕೆ ಕೊಡ್ತಿದ್ದ ಔಷಧಿಯೇ. ಬಡಿತದ ತೊಂದರೆ ಯಾವ ಜಾತೀದಾದ್ರೂ ಹೃದಯಕ್ಕೆ ಅತಿ ಕಮ್ಮಿ ತ್ರಾಸು ಕೊಡೋದು ಇದೇ ಅಂತ ನನ್ನ ಅಭಿಪ್ರಾಯ. ತೊಡಕಿರೋದು ಅದರ ಜೊತೆ ಸೇರಿಸೋ ಅಡ್ರಿನಲಿನ್‌ದು. ರಕ್ತ ಬರೋದು ಕಮ್ಮಿ ಆಗ್ಲಿ, ಮರಗಟ್ಟಿದ್ದು ಜಾಸ್ತಿ ಹೊತ್ತು ನಿಲ್ಲಲಿ ಅಂತ ಹಾಕ್ತಾರೆ, ಸ್ವಲ್ಪ ರಕ್ತಕ್ಕೆ ಸೇರಿದ್ರೆ ಎದೆ ಧಡಧಡ ಅನ್ನುತ್ತೆ, ಕೈ ನಡುಗುತ್ತೆ. ಜೋರು ಬಡಿತದ ಜಾತಿಯವರು, ಎಎಫ್ ಇರೋರು ಹಲ್ಲಿನ ಡಾಕ್ಟ್ರ ಕುರ್ಚಿ ಮೇಲೆ ಕೂರೋಕೆ ಮುಂಚೇನೇ ಬಾಯಿಬಿಟ್ಟು ಹೇಳ್ಬೇಕು, ಅಡ್ರಿನಲಿನ್ ಇಲ್ಲದ್ದು ಅಥವಾ ತುಂಬಾ ಕಮ್ಮಿ ಇರೋದು ಬಳಸ್ತಾರೆ. ಎಷ್ಟೋ ಜನ ಹಲ್ಲಿಗೂ ಹಾರ್ಟಿಗೂ ಏನ್ ಸಂಬಂಧ ಅಂತ ಸುಮ್ಮನಿರ್ತಾರೆ. ಇನ್ನೊಂದು ವಿಷಯ, ಲೋಕಲ್ ಸಾಲದೇ ನೋವಾದ್ರೆ ಆ ನೋವಿಗೇ ದೇಹ ತನ್ನ ಅಡ್ರಿನಲಿನ್ ಸುರಿಯುತ್ತೆ, ಹೊರಗಿಂದ ಕೊಟ್ಟಿದ್ದಕ್ಕಿಂತ ಅದೇ ಜಾಸ್ತಿ ಆಗಬಹುದು. ನೋವು ತಡ್ಕೊಂಡು ಸುಮ್ಮನೆ ಮಲಗೋದು ಇಲ್ಲಿ ದೊಡ್ಡಸ್ತಿಕೆ ಅಲ್ಲ, ನೋವಾಗ್ತಿದೆ ಅಂತ ಹೇಳಿ.

ನರಕ್ಕೆ ಕೊಡೋ ಬ್ಲಾಕ್ ಅದರ ದೊಡ್ಡಣ್ಣ. ಕೈ ಮುರಿದಿದ್ದಕ್ಕೆ ಕುತ್ತಿಗೆ ಅಥವಾ ಕಂಕುಳ ಹತ್ರ, ಕಾಲಿಗೆ ತೊಡೆ ಅಥವಾ ಮಂಡಿ ಹಿಂದೆ, ಸ್ಕ್ಯಾನಿಂಗ್ ಮಿಷನ್‌ನಲ್ಲಿ ನರ ನೋಡ್ಕೊಂಡು ಅದರ ಸುತ್ತ ಔಷಧಿ ಬಿಡ್ತೀವಿ. ಬಿಪಿ ಬೀಳಲ್ಲ, ಉಸಿರಿಗೆ ಪೈಪ್ ಬೇಡ, ಹೃದಯಕ್ಕೆ ಸುದ್ದಿಯೇ ಮುಟ್ಟಲ್ಲ ಅನ್ನೋ ಹಂಗಿರುತ್ತೆ. ಆದ್ರೆ ಔಷಧಿ ಪ್ರಮಾಣ ಜಾಸ್ತಿ ಬೇಕಾಗುತ್ತೆ, ಅದು ತಪ್ಪಿ ರಕ್ತನಾಳದೊಳಗೆ ಹೋದ್ರೆ ಅಪಾಯ ದೊಡ್ಡದು, ಮುಖ್ಯವಾಗಿ ಬುಪಿವಕೇನ್ ಅನ್ನೋ ಮರಗಟ್ಟಿಸೋ ಔಷಧೀದು. ಅದು ಹೃದಯದ ಸೋಡಿಯಂ ಬಾಗಿಲಿಗೆ ಅಂಟ್ಕೊಂಡ್ರೆ ಬೇಗ ಬಿಡಲ್ಲ. 1979ರಲ್ಲಿ ಆಲ್‌ಬ್ರೈಟ್ ಅನ್ನೋ ಅಮೆರಿಕದ ಡಾಕ್ಟ್ರು ಈ ಬಗ್ಗೆ ಎಚ್ಚರಿಸಿ ಬರೆದ ಮೇಲೇನೇ ಜಗತ್ತು ಎಚ್ಚೆತ್ತಿದ್ದು, ಆಮೇಲೆ ರೋಪಿವಕೇನ್, ಲೆವೋಬುಪಿವಕೇನ್ ಬಂದ್ವು, ಹೃದಯದ ಮಟ್ಟಿಗೆ ಇವು ಮೆತ್ತಗೆ, ಬೆಲೆ ಮಾತ್ರ ಜಾಸ್ತಿ. ಬುಪಿವಕೇನ್ ವಿಷ ಏರಿದಾಗ ಕೊಡೋಕೆ ಮದ್ದೂ ಇದೆ, ಊಟ ಮಾಡೋಕಾಗದ ರೋಗಿಗಳಿಗೆ ಹಾಕೋ ಹಾಲಿನ ಥರ ಬಿಳೀ ಬಣ್ಣದ 20 ಪರ್ಸೆಂಟ್ ಲಿಪಿಡ್ ಡ್ರಿಪ್. ಬ್ಲಾಕ್ ಮಾಡ್ತೀವಿ ಅಂದ ಜಾಗದಲ್ಲಿ “ಲಿಪಿಡ್ ಓಟಿಯಲ್ಲಿ ಇದೆಯಾ ಸರ್” ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಸ್ಕ್ಯಾನಿಂಗ್ ಮಿಷನ್, ಅದರಲ್ಲಿ ಕೈ ಪಳಗಿದೋರು ಎಲ್ಲಾ ನರ್ಸಿಂಗ್ ಹೋಮ್‌ನಲ್ಲಿ ಇರಲ್ಲ, ಹಾಗಾಗಿ ಈ ಆಯ್ಕೆ ನಿಮ್ಮ ಊರ ಆಸ್ಪತ್ರೇಲಿ ಸಿಗದೇ ಹೋಗಬಹುದು.

ಇನ್ನು ನಮ್ಮ ಕಡೆ ಅತಿ ಹೆಚ್ಚು ಆಗೋದು ಬೆನ್ನಿಗೆ ಕೊಡೋದು, ಸ್ಪೈನಲ್. ಸಿಸೇರಿಯನ್, ಹರ್ನಿಯಾ, ಪೈಲ್ಸ್, ಗರ್ಭಕೋಶ, ಮಂಡಿ, ತೊಡೆಮೂಳೆ, ಹೊಕ್ಕಳಿನ ಕೆಳಗಿಂದು ಬಹುತೇಕ ಎಲ್ಲಾ. ಖರ್ಚೂ ಕಮ್ಮಿ: ಒಂದು ಸಣ್ಣ ಸೂಜಿ, 4 ಎಂಎಲ್‌ನ ಒಂದು ಆಂಪೂಲ್, ಅದರಲ್ಲೂ ಪೂರ್ತಿ ಬೇಕಾಗಲ್ಲ. ಬೀಡಿ ಸೇದಿ ಎದೆ ಗೊರಗೊರ ಅನ್ನೋರಿಗೆ ಇದು ವರ. ಗಂಟಲಿಗೆ ಪೈಪ್ ಹಾಕುವಾಗ ಬಡಿತ ಜಿಗಿಯೋ ಪ್ರಶ್ನೆ ಇಲ್ಲ, ಕ್ಯುಟಿ ಉದ್ದ ಮಾಡೋ ಗ್ಯಾಸ್ ಇಲ್ಲ. ಹಾಗಾಗಿ ಜೋರು ಬಡಿತದ ಜಾತಿಯವರಿಗೆ, ಉದ್ದ ಕ್ಯುಟಿಯವರಿಗೆ, ಬೇರೆ ಅಡ್ಡಿ ಇಲ್ಲಾಂದ್ರೆ ನಾನು ಮೊದ್ಲು ಯೋಚಿಸೋದು ಇದನ್ನೇ.

ಆದ್ರೆ ನಿಧಾನ ಬಡಿತದವರಿಗೆ ಇಲ್ಲೇ ಹುಷಾರು ಬೇಕು. ಹೃದಯಕ್ಕೆ ಜೋರಾಗಿ ಹೊಡಿ ಅಂತ ಹೇಳೋ ನರಗಳು ಬೆನ್ನುಹುರಿಯ ಎದೆ ಭಾಗದ ಮೇಲಿನ 4 ಹಂತಗಳಿಂದ ಹೊರಡ್ತವೆ. ಸೊಂಟದ ಹತ್ರ ಕೊಟ್ಟ ಔಷಧಿ ಅಲ್ಲೀತನಕ ಹತ್ತಿದ್ರೆ ಆ ನರಗಳೂ ಮಲಗ್ತವೆ, ಜೊತೆಗೆ ಕಾಲಿನ ರಕ್ತನಾಳ ಸಡಿಲ ಆಗಿ ರಕ್ತ ಕೆಳಗೇ ಉಳಿಯುತ್ತೆ, ಹೃದಯಕ್ಕೆ ವಾಪಸ್ ಬರೋದು ಕಮ್ಮಿ ಆಗುತ್ತೆ, ಬಡಿತ ಇನ್ನೂ ಇಳಿಯುತ್ತೆ. ಓಟಿಯಲ್ಲಿ ಅದು ಹೇಗೆ ಕಾಣುತ್ತೆ ಅಂದ್ರೆ, ಬೆನ್ನಿಗೆ ಕೊಟ್ಟು ಮಲಗಿಸಿ ಐದು ನಿಮಿಷ ಆಗಿರಲ್ಲ, ಅಜ್ಜ ಒಂದು ದೊಡ್ಡ ಆಕಳಿಕೆ ತೆಗೀತಾನೆ, ತುಟಿ ಬಿಳಿಚ್ಕೊಳ್ಳುತ್ತೆ, “ಯಾಕೋ ಹೊಟ್ಟೆ ತೊಳಸ್ತೈತಪ್ಪಾ” ಅಂತಾನೆ, ಅಷ್ಟರಲ್ಲಿ ಮಾನಿಟರ್‌ನ ಟಿಕ್ ಟಿಕ್ ನಡುವಿನ ಅಂತರ ಅಗಲ ಆಗ್ತಾ 72 ಇದ್ದದ್ದು 58, 46 ಅಂತ ಇಳೀತಾ ಇರುತ್ತೆ. ಟ್ರೇಯಲ್ಲಿ ಬಡಿತ, ಬಿಪಿ ಏರಿಸೋ ಅಟ್ರೋಪಿನ್, ಎಫೆಡ್ರಿನ್ ಸಿರಿಂಜ್‌ನಲ್ಲಿ ಎಳೆದು ಹೆಸರು ಅಂಟಿಸಿ ಇಟ್ಟಿರ್ತೀವಿ, ಡ್ರಿಪ್ ಜೋರು ಬಿಡ್ತೀವಿ, ಕಾಲು ಎತ್ತರಿಸ್ತೀವಿ, ಅಟ್ರೋಪಿನ್ ಹೋಗಿ ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಮತ್ತೆ ಹತ್ರ ಬರುತ್ತೆ, ಅಜ್ಜಂಗೆ ಏನಾಯ್ತು ಅಂತಾನೇ ಗೊತ್ತಿರಲ್ಲ. ಪಕ್ಕದಲ್ಲಿ ಯಾರೂ ಇಲ್ಲದೇ ಇದ್ದಿದ್ರೆ ಮಾತ್ರ ಕಥೆ ಬೇರೆ. ಅದಕ್ಕೇ ಬೆನ್ನಿಗೆ ಕೊಟ್ಟು ಅನಸ್ತೇಷಿಯಾ ಡಾಕ್ಟ್ರು ಪಕ್ಕದ ಆಸ್ಪತ್ರೆ ಕೇಸಿಗೆ ಓಡೋ ಜಾಗ ಆದ್ರೆ, ಹೃದಯದ ತೊಂದರೆ ಇರೋರು ಎಷ್ಟೇ ಅಗ್ಗ ಆದ್ರೂ ಆ ಜಾಗ ಬಿಡಿ.

ಸ್ಪೈನಲ್‌ಗೆ ಇರೋ ಇನ್ನೊಂದು ದೊಡ್ಡ ಅಡ್ಡಿ ರಕ್ತ ತೆಳು ಮಾಡೋ ಮಾತ್ರೆ. ಎಎಫ್ ಇರೋರು, ವಾಲ್ವ್ ಹಾಕ್ಸಿರೋರು ಅಸಿಟ್ರೋಮ್, ವಾರ್ಫರಿನ್ ತಗೋತಿರ್ತಾರೆ, ಈಗೀಗ ಅಪಿಕ್ಸಬಾನ್, ರಿವರಾಕ್ಸಬಾನ್. ಇವು ರಕ್ತದಲ್ಲಿ ಇರುವಾಗ ಬೆನ್ನಿಗೆ ಚುಚ್ಚಿದ್ರೆ ಬೆನ್ನುಹುರಿ ಹತ್ರ ರಕ್ತ ಕೂಡಿ ಕಾಲು ಸ್ವಾಧೀನ ತಪ್ಪೋ ಅಪಾಯ ಇದೆ, ಅಪರೂಪ, ಆದ್ರೆ ಆಗಿಬಿಟ್ರೆ ಜೀವನ ಪೂರ್ತಿ. ವಾರ್ಫರಿನ್ ಸುಮಾರು 5 ದಿನ ಮುಂಚೆ ನಿಲ್ಲಿಸಿ ಐಎನ್‌ಆರ್ (ರಕ್ತ ಎಷ್ಟು ತೆಳು ಆಗಿದೆ ಅಂತ ತೋರಿಸೋ ಸಂಖ್ಯೆ) ಇಳಿದಿದೆ ಅಂತ ಪರೀಕ್ಷೆ ಮಾಡ್ಸಬೇಕು, ಅಪಿಕ್ಸಬಾನ್ ಥರದ್ದಾದ್ರೆ ಸುಮಾರು 3 ದಿನ, ಕಿಡ್ನಿ ವೀಕ್ ಇದ್ರೆ ಇನ್ನೂ ಜಾಸ್ತಿ, ಕ್ಲೋಪಿಡೋಗ್ರೆಲ್ 5ರಿಂದ 7 ದಿನ. ಬರೀ ಆಸ್ಪಿರಿನ್ ಇದ್ರೆ ಬೆನ್ನಿಗೆ ಕೊಡೋಕೆ ತೊಂದರೆ ಇಲ್ಲ. ದಯವಿಟ್ಟು ಇದನ್ನ ಓದ್ಕೊಂಡು ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಎಎಫ್‌ನವರು ಸುಮ್ಮನೆ ನಿಲ್ಲಿಸಿದ್ರೆ ಹೃದಯದಲ್ಲಿ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವಾ ಹೊಡೀಬಹುದು, ಲೋಹದ ವಾಲ್ವ್ ಇರೋರಿಗೆ ವಾಲ್ವೇ ಕಚ್ಕೋಬಹುದು, ಅವರಿಗೆ ನಡುವೆ ಹೆಪಾರಿನ್ ಇಂಜೆಕ್ಷನ್ ಬೇಕಾಗುತ್ತೆ. ಯಾವತ್ತು ನಿಲ್ಲಿಸೋದು, ಯಾವತ್ತು ಶುರು ಮಾಡೋದು ಅಂತ ಹಾರ್ಟ್ ಡಾಕ್ಟ್ರ ಕೈಲಿ ಚೀಟಿ ಮೇಲೆ ತಾರೀಕು ಹಾಕಿಸ್ಕೊಳ್ಳಿ. ನಿಲ್ಲಿಸೋಷ್ಟು ಟೈಮೇ ಇಲ್ಲದ ಅರ್ಜೆಂಟ್ ಆಪರೇಷನ್ ಆದ್ರೆ ಬೆನ್ನಿನ ಆಯ್ಕೆ ಅಲ್ಲಿಗೆ ಮುಗೀತು.

ಎಪಿಡ್ಯೂರಲ್ ಅಂತ ಇನ್ನೊಂದಿದೆ, ಅದೂ ಬೆನ್ನಿಗೇ, ಆದ್ರೆ ಸಣ್ಣ ಪೈಪ್ ಬಿಟ್ಟು ಸ್ವಲ್ಪ ಸ್ವಲ್ಪವೇ ಔಷಧಿ ಕೊಡೋದು. ಬಿಪಿ ಒಮ್ಮೆಲೇ ಬೀಳಬಾರದ ಹೃದಯಗಳಿಗೆ ಇದು ಮೆತ್ತಗಿನ ದಾರಿ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ವಾಲ್ವ್ ಸಣ್ಣ ಆಗಿರೋ ಬಸುರಿ ಹೆಂಗಸರಿಗೆ ಇದನ್ನ ಯೋಚಿಸ್ತೀವಿ, ಆದ್ರೆ ಅಂಥ ಹೆರಿಗೆ ತಾಲ್ಲೂಕಿನಲ್ಲಿ ಮಾಡ್ಸೋದಲ್ಲ, ಏಳೆಂಟು ತಿಂಗಳಲ್ಲೇ ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಹೆಸರು ಬರೆಸಿ.

ಪೂರ್ತಿ ಮತ್ತು, ಜನರಲ್. ಇದರ ಬಗ್ಗೆ ಇರೋ ಭಯ ತೀರಾ ಹಳೇದು. 1848ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಹಾನಾ ಗ್ರೀನರ್ ಅನ್ನೋ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸೋಕೆ ಕ್ಲೋರೋಫಾರ್ಮ್ ಉಸಿರಾಡಿ ಸತ್ತಳು, ಅಲ್ಲಿಂದ ಶುರುವಾದ ಜಗಳ ನಮ್ಮ ಪಕ್ಕದ ಹೈದರಾಬಾದಿಗೂ ಬಂತು: ಕ್ಲೋರೋಫಾರ್ಮ್ ಕೊಲ್ಲೋದು ಉಸಿರು ನಿಲ್ಲಿಸಿಯಾ, ಹೃದಯ ನಿಲ್ಲಿಸಿಯಾ? 1888, 1889ರಲ್ಲಿ ನಿಜಾಮರ ದುಡ್ಡಲ್ಲಿ ಎಡ್ವರ್ಡ್ ಲಾರೀ ಅನ್ನೋ ಡಾಕ್ಟ್ರು ಎರಡು ಕಮಿಷನ್ ನಡೆಸಿ ಉಸಿರೇ ಮೊದಲು ನಿಲ್ಲೋದು ಅಂದ್ರು. 1911ರಲ್ಲಿ ಲೆವಿ ಅನ್ನೋರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮಿನ ಮತ್ತು ಅರೆಬರೆ ಇದ್ದಾಗ ಅಡ್ರಿನಲಿನ್ ಏರಿದ್ರೆ ಹೃದಯ ಅದುರಿ ನಿಲ್ಲುತ್ತೆ ಅಂತ ತೋರಿಸಿದ್ರು. ಆ ಪಾಠ ಈಗಲೂ ಕೆಲಸಕ್ಕೆ ಬರುತ್ತೆ. ಆಮೇಲೆ ಬಂದ ಹ್ಯಾಲೋಥೇನ್ ಅನ್ನೋ ಮತ್ತಿನ ಗ್ಯಾಸ್ ಕೂಡ ಅಡ್ರಿನಲಿನ್ ಜೊತೆ ಸೇರಿದ್ರೆ ಬಡಿತ ಕೆಡಿಸ್ತಿತ್ತು, ಈಗ ಬಳಸೋ ಐಸೋಫ್ಲೂರೇನ್, ಸೆವೋಫ್ಲೂರೇನ್‌ನಲ್ಲಿ ಆ ಕಾಟ ಬಹಳ ಕಮ್ಮಿ, ಆದ್ರೆ ಅವು ಕ್ಯುಟಿ ಸ್ವಲ್ಪ ಉದ್ದ ಮಾಡ್ತವೆ.

ಜನರಲ್‌ನಲ್ಲಿ ಬಡಿತ ತಪ್ಪೋ ಘಳಿಗೆಗಳು ನಮಗೆ ಮೊದಲೇ ಗೊತ್ತಿರ್ತವೆ. ಮಲಗಿಸೋ ಪ್ರೊಪೊಫಾಲ್, ನೋವಿನ ಫೆಂಟನಿಲ್ ಬಡಿತ ಇಳಿಸ್ತವೆ, ಡೆಕ್ಸ್‌ಮೆಡಿಟೊಮಿಡಿನ್ ಇನ್ನೂ ಜಾಸ್ತಿ ಇಳಿಸುತ್ತೆ, ಕೆಟಮಿನ್ ಏರಿಸುತ್ತೆ, ಗಂಟಲಿಗೆ ಪೈಪ್ ಹಾಕೋ ಆ ಅರ್ಧ ನಿಮಿಷ ಏರುತ್ತೆ, ಸ್ನಾಯು ಸಡಿಲಿಸೋ ಸಕ್ಸಿನಿಲ್‌ಕೋಲಿನ್ ಎರಡನೇ ಸಲ ಕೊಟ್ರೆ, ಮುಖ್ಯವಾಗಿ ಮಕ್ಕಳಲ್ಲಿ, ಇಳಿಯುತ್ತೆ, ಸುಟ್ಟಗಾಯ ಆಗಿ ದಿನಗಳಾದೋರಿಗೆ, ಲಕ್ವಾ ಹೊಡೆದೋರಿಗೆ ಪೊಟ್ಯಾಸಿಯಂ ಏರಿಸಿ ಹೃದಯಾನೇ ನಿಲ್ಲಿಸಬಹುದು. ಎಬ್ಬಿಸುವಾಗ ಕೊಡೋ ನಿಯೋಸ್ಟಿಗ್ಮಿನ್ ಇಳಿಸುತ್ತೆ ಅಂತ ಅದರ ಜೊತೆ ಗ್ಲೈಕೋಪೈರೋಲೇಟ್ ಸೇರಿಸ್ತೀವಿ. ವಾಂತಿಗೆ ಅಂತ ಮಾಮೂಲಿ ಕೊಡೋ ಒಂಡಾನ್ಸೆಟ್ರಾನ್ ಕೂಡ ಕ್ಯುಟಿ ಉದ್ದ ಮಾಡುತ್ತೆ. ಪಟ್ಟಿ ನೋಡಿ ಹೆದರಬೇಡಿ, ಇದರಲ್ಲಿ ಮುಕ್ಕಾಲು ಭಾಗ ಬದಲಾಯಿಸೋಕೆ ಬರುತ್ತೆ, ಅದೇ ಜನರಲ್‌ನ ಶಕ್ತಿ. ಕ್ಯುಟಿ ಉದ್ದ ಇರೋರಿಗೆ ಗ್ಯಾಸ್ ಬಿಟ್ಟು ಪ್ರೊಪೊಫಾಲ್ ಡ್ರಿಪ್‌ನಲ್ಲೇ ಇಡೀ ಆಪರೇಷನ್ ಮುಗಿಸಬಹುದು, ಜೋರು ಬಡಿತದವರಿಗೆ ಕೆಟಮಿನ್ ಮುಟ್ಟಲ್ಲ, ಉಸಿರು ಪೂರ್ತಿ ನಮ್ಮ ಕೈಲಿರೋದ್ರಿಂದ ಆಕ್ಸಿಜನ್ ಬೀಳೋಕೆ ಬಿಡಲ್ಲ. ಆಪರೇಷನ್ ಟೇಬಲ್ ಮೇಲೆ ಬಡಿತ ಕೆಟ್ರೆ ನಾವು ಮೊದ್ಲು ನೋಡೋದು ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್, ನೋವು, ಪೊಟ್ಯಾಸಿಯಂ. ಔಷಧಿಯನ್ನ ಬೈಯೋದು ಆಮೇಲೆ.

ಬೆನ್ನಿಗಿಂತ ಜನರಲ್ ಸಾವು ಜಾಸ್ತಿ ತರುತ್ತೆ ಅನ್ನೋ ನಂಬಿಕೆಗೆ 2021ರಲ್ಲಿ ಒಳ್ಳೇ ಉತ್ತರ ಬಂತು. ರೀಗೇನ್ ಅನ್ನೋ ಅಧ್ಯಯನದಲ್ಲಿ ಅಮೆರಿಕ, ಕೆನಡಾದ 46 ಆಸ್ಪತ್ರೆಗಳಲ್ಲಿ ಸೊಂಟದ ಮೂಳೆ ಮುರಿದ 50 ವರ್ಷ ದಾಟಿದ 1600 ಜನಕ್ಕೆ ಚೀಟಿ ಎತ್ತಿದ ಹಂಗೆ ಅರ್ಧ ಜನಕ್ಕೆ ಸ್ಪೈನಲ್, ಅರ್ಧ ಜನಕ್ಕೆ ಜನರಲ್ ಕೊಟ್ಟು ನೋಡಿದ್ರು, 60 ದಿನ ಆದ್ಮೇಲೆ ಸತ್ತೋರು ಅಥವಾ ನಡೆಯೋಕಾಗದೋರು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಸುಮಾರು 18 ಪರ್ಸೆಂಟ್. ಹಾಗಾಗಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ರೆ ಯಾವ ಅನಸ್ತೇಷಿಯಾ ಅಂತ ವಾರಗಟ್ಟಲೆ ಯೋಚಿಸ್ತಾ ಮಂಚದ ಮೇಲೆ ಮಲಗಿಸಬೇಡಿ, ಎರಡು ದಿನದೊಳಗೆ ಆಪರೇಷನ್ ಆಗೋದೇ ಮುಖ್ಯ.

ಜೋಂಪು ಬರಿಸಿ ಮಾಡೋದು, ಸಿಡೇಷನ್, ಎಂಡೋಸ್ಕೋಪಿ ಥರದ್ದಕ್ಕೆ. ಹೆಸರು ಕೇಳೋಕೆ ಹಗುರ, ಆದ್ರೆ ಉಸಿರಿಗೆ ಪೈಪ್ ಇರಲ್ಲ, ಜೋಂಪು ಜಾಸ್ತಿ ಆದ್ರೆ ಉಸಿರು ಇಳಿದು ಆಕ್ಸಿಜನ್ ಬಿದ್ದು ಅದರಿಂದಲೇ ಬಡಿತ ಕೆಡುತ್ತೆ. ಗೊರಕೆ ಜೋರಿರೋ ದಪ್ಪ ಮೈಯವರಿಗೆ ಬರೀ ಜೋಂಪಿಗಿಂತ ಸರಿಯಾದ ಜನರಲ್ಲೇ ವಾಸಿ ಅಂತ ನಾನು ಹೇಳ್ತೀನಿ.

ಈಗ ನಿಮ್ಮ ಮನೆ ಕೇಸಿಗೆ ಬನ್ನಿ. ಎಎಫ್ ಇದ್ದು ಅಸಿಟ್ರೋಮ್ ತಗೋತಿರೋ ಅಪ್ಪಂಗೆ ಹರ್ನಿಯಾ: ಬಡಿತ ಹಿಡಿತದಲ್ಲಿದ್ರೆ ಲೋಕಲ್ ಜೊತೆ ಹೊಟ್ಟೆ ಗೋಡೆಯ ಬ್ಲಾಕ್ ಮೊದಲ ಆಯ್ಕೆ, ಮಾತ್ರೆ ನಿಲ್ಲಿಸಿ ಐಎನ್‌ಆರ್ ಇಳಿದ್ರೆ ಸ್ಪೈನಲ್, ಬಡಿತ 120ರ ಮೇಲೇ ಇದ್ರೆ ಯಾವುದೂ ಬೇಡ, ಮೊದ್ಲು ಬಡಿತ ಇಳಿಸಿ, ಥೈರಾಯ್ಡ್ ಟೆಸ್ಟ್ ಮಾಡ್ಸಿ. ಪಿತ್ತಕೋಶದ ಕಲ್ಲು, ಲ್ಯಾಪ್ರೋಸ್ಕೋಪಿ: ಜನರಲ್ಲೇ, ಇಲ್ಲಿ ಗ್ಯಾಸ್ ತುಂಬುವಾಗ ಹೊಟ್ಟೆ ಉಬ್ಬಿ ಬಡಿತ ಒಮ್ಮೆಲೇ ಇಳಿಯೋದುಂಟು, ಗ್ಯಾಸ್ ಬಿಟ್ರೆ ಸರಿ ಹೋಗುತ್ತೆ, ನಿಧಾನ ತುಂಬಿ ಅಂತ ಸರ್ಜನ್‌ಗೆ ಹೇಳೋದು ನಮ್ಮ ಕೆಲಸ. ಮೆಳ್ಳೆಗಣ್ಣಿನ ಮಗು: ಜನರಲ್, ಕಣ್ಣಿನ ಮಾಂಸ ಎಳೆದಾಗ ಬಡಿತ ಇಳಿಯೋದು ಗೊತ್ತಿರೋ ವಿಷಯ. ಪೂರ್ತಿ ಹಾರ್ಟ್ ಬ್ಲಾಕ್ ಇದ್ದು ಮಂಡಿ ಬದಲಾಯಿಸಬೇಕು: ಮಂಡಿ ಕಾಯಲಿ, ಮೊದ್ಲು ಪೇಸ್‌ಮೇಕರ್ ಬೇಕಾ ಅಂತ ಹಾರ್ಟ್ ಡಾಕ್ಟ್ರು ಹೇಳ್ಬೇಕು. ಪೇಸ್‌ಮೇಕರ್ ಈಗಾಗ್ಲೇ ಇರೋರು ಅದರ ಕಾರ್ಡ್ ತರ್ಲೇಬೇಕು, ರಕ್ತ ನಿಲ್ಲಿಸೋ ಕಾಟರಿ ಮಿಷನ್ ಅದನ್ನ ಗಲಿಬಿಲಿ ಮಾಡುತ್ತೆ. ಮನೇಲಿ ಚಿಕ್ಕ ವಯಸ್ಸಿನೋರು ಇದ್ದಕ್ಕಿದ್ದಂಗೆ ತೀರ್ಕೊಂಡಿದ್ರೆ, ಓಡುವಾಗ, ಈಜುವಾಗ ಎಚ್ಚರ ತಪ್ಪಿದ್ರೆ, ಅದನ್ನ ಮುಚ್ಚಿಡಬೇಡಿ, ಉದ್ದ ಕ್ಯುಟಿ ಅನ್ನೋದು ವಂಶದಲ್ಲಿ ಹರೀಬಹುದು.

ದುಡ್ಡಿನ ಮಾತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಪ್ಯಾಕೇಜ್ ಒಳಗೇ ಅನಸ್ತೇಷಿಯಾ ಖರ್ಚು ಸೇರಿರುತ್ತೆ, ಅಂದ್ರೆ ಸ್ಪೈನಲ್ ಅಗ್ಗ ಅಂತ ಅದನ್ನೇ ಹಿಡೀಬೇಕಾಗಿಲ್ಲ. ಖಾಸಗಿಗೆ ಹೋಗೋಕೆ ಬಹಳ ಕೇಸುಗಳಿಗೆ ಸರ್ಕಾರಿ ಆಸ್ಪತ್ರೆ ರೆಫರಲ್ ಬೇಕು, ದಾವಣಗೆರೆಯಲ್ಲಾದ್ರೆ ಚಿಗಟೇರಿ ಆಸ್ಪತ್ರೆ, ದುರ್ಗದಲ್ಲಾದ್ರೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಕೈಯಿಂದ ಕಟ್ಟೋರು ರೋಪಿವಕೇನ್, ಸೆವೋಫ್ಲೂರೇನ್‌ಗೆ ಸ್ವಲ್ಪ ಜಾಸ್ತಿ ಆಗುತ್ತೆ ಅಂದ್ರೆ ಕೊಡಿ, ಅದಕ್ಕಿಂತ ಮುಂಚೆ ಶಾಕ್ ಕೊಟ್ಟು ಬಡಿತ ಸರಿ ಮಾಡೋ ಡಿಫಿಬ್ರಿಲೇಟರ್, ಐಸಿಯು ಇದೆಯಾ ಅಂತ ನೋಡಿ. ಆಸ್ಪತ್ರೆಗೆ ಬರುವಾಗ ಮಾತ್ರೆಗಳನ್ನ ಶೀಟ್ ಸಮೇತ ತನ್ನಿ. ಪ್ಲಾಸ್ಟಿಕ್ ಕವರ್‌ನಲ್ಲಿ ಹೆಸರಿನ ಭಾಗ ಕತ್ತರಿಸಿ ಹೋದ ಎರಡೆರಡು ಗುಳಿಗೆ ತರ್ತಾರೆ, ಬಿಳೀದು ಬೆಳಗ್ಗೆ, ಗುಲಾಬಿ ರಾತ್ರಿ ಅಂತಾರೆ, ಅದು ಡಿಗಾಕ್ಸಿನ್ನಾ ಮೆಟೊಪ್ರೊಲಾಲ್ಲಾ ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ಬಡಿತ ಇಳಿಸೋ ಮೆಟೊಪ್ರೊಲಾಲ್ ಥರದ್ದು ಮೊದಲಿಂದ ತಗೋತಿದ್ರೆ ಆಪರೇಷನ್ ದಿನ ಬೆಳಗ್ಗೆನೂ ಒಂದು ಗುಟುಕು ನೀರಲ್ಲಿ ತಗೋಬೇಕು, ಹೊಸದಾಗಿ ಅವತ್ತೇ ಶುರು ಮಾಡಬಾರದು. 2008ರ ಪಾಯ್ಸ್ ಅಧ್ಯಯನದಲ್ಲಿ ಹಂಗೆ ಶುರು ಮಾಡಿದೋರಲ್ಲಿ ಹಾರ್ಟ್ ಅಟ್ಯಾಕ್ ಕಮ್ಮಿ ಆದ್ರೂ ಲಕ್ವಾ, ಸಾವು ಜಾಸ್ತಿ ಆಯ್ತು. ಉಪವಾಸ 6 ತಾಸು, ಬೆಣ್ಣೆ ದೋಸೆ ಥರ ಜಿಡ್ಡಿನದು ತಿಂದಿದ್ರೆ 8, ಬರೀ ನೀರು 2 ತಾಸು ಮುಂಚೆ ತನಕ ಕುಡೀಬಹುದು. ನೀರೂ ಮುಟ್ಟದೇ ಒಣಗಿ ಬಂದ್ರೆ ಸ್ಪೈನಲ್‌ನಲ್ಲಿ ಬಿಪಿ ಬೀಳೋದು ಇನ್ನೂ ಸಲೀಸು. ಎಲೆ ಅಡಿಕೆ ಜೊತೆ ತಂಬಾಕು ಹಾಕೋರು ಅವತ್ತಾದ್ರೂ ಬಿಡಿ, ನಿಕೋಟಿನ್ ಬಡಿತ ಏರಿಸುತ್ತೆ.

ಆಪರೇಷನ್ ಮುಗಿದ ಮೇಲೂ ಎರಡು ಮೂರು ದಿನ ನೋಡ್ಬೇಕು, ವಯಸ್ಸಾದೋರಲ್ಲಿ ಹೊಸದಾಗಿ ಎಎಫ್ ಬರೋದು ಹೆಚ್ಚಾಗಿ ಆಗಲೇ. ಎದೆ ಹೊಡ್ಕೊಳ್ಳೋದು, ಸುಸ್ತು, ಉಸಿರು ಸಾಲದು ಅಂತ ಅಪ್ಪ ಹೇಳಿದ್ರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಸಬೇಡಿ, ಇಸಿಜಿ ತೆಗೆಸಿ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಅನಸ್ತೇಷಿಯಾ ಕೊಟ್ರು, ಬಡಿತ ಏನಾದ್ರೂ ತಪ್ಪಿತ್ತಾ, ರಕ್ತ ತೆಳು ಮಾತ್ರೆ ಮತ್ತೆ ಯಾವ ತಾರೀಕಿಂದ ಅಂತ ಬರೆಸ್ಕೊಂಡೇ ಮನೆಗೆ ಹೋಗಿ, ಮುಂದಿನ ಸಲ ಯಾವ ಊರಲ್ಲಿ ಆಪರೇಷನ್ ಆದ್ರೂ ಅಲ್ಲಿನ ಡಾಕ್ಟ್ರು ಮೊದ್ಲು ಕೇಳೋದು ಅದನ್ನೇ.